ಓಣಿಯ ಮೇಲಿನ ಕೋಣೆ

ಫೆಸ್,
ಶಾಬಾನ್ ತಿಂಗಳ ಒಂಬತ್ತು, ಹಿಜರಿ ೭೪೦

ಯಜಮಾನರಾದ ಹಮ್ಮಾದ್ ಅವರಿಗೆ ರಹ್ಮಾಳ ಸಲಾಮುಗಳು.

ನಾವಿಲ್ಲಿ ಕ್ಷೇಮ. ತ್ಲೆಮ್ಸೆನ್‌ನಲ್ಲಿ ನಿಮ್ಮ ಮೈಕೈ ನೆಟ್ಟಗಿರಲಿ, ಗಚ್ಚು ಕೆತ್ತುವಾಗ ಏಳುವ ಧೂಳಿಗೆ ಆ ಹಳೆಯ ಕೆಮ್ಮು ಮತ್ತೆ ಬಾರದಿರಲಿ. ಉತ್ತರ ತಡವಾದದ್ದಕ್ಕೆ ಮನ್ನಿಸಿ. ಬಿಡುವಿರಲಿಲ್ಲ ಎಂದರೆ ಸುಳ್ಳಾದೀತು. ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ, ಅದು ಇಳಿಯಲಿಲ್ಲ. ಕೊನೆಗೆ ಅಲ್ಲಾಲ್ ಚಿಕ್ಕಪ್ಪನನ್ನು ಕೂರಿಸಿಕೊಂಡು ಹೇಳಿ ಬರೆಸುತ್ತಿದ್ದೇನೆ. ಬೈಗುಳ ಬಂದ ಕಡೆಯೆಲ್ಲ ಅವರು ಲೇಖನಿ ಎತ್ತಿಬಿಡುತ್ತಾರೆ, ಅದನ್ನು ನೀವೇ ಊಹಿಸಿಕೊಳ್ಳಿ.

ಮಗಳು ಯಾಮ್ನಾ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದು ಮಾತೆಲ್ಲ ಗಾಳಿ ಗಾಳಿ. ಉಪ್ಪುನೀರಿಗೆ ಹಾಕಿದ ಆಲಿವ್ ಕಾಯಿ ಈ ಸಲ ಕಹಿ ಬಿಡಲು ತುಂಬ ಸತಾಯಿಸಿತು. ಮೆಕ್ನೆಸ್‌ನಲ್ಲಿ ತಂಗಿಗೆ ಗಂಡು ಮಗುವಾಯಿತು. ಬಾಣಂತನಕ್ಕೆಂದು ನಾನು ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಆಗಲೇ ನಡೆದದ್ದು ಈ ಅನ್ಯಾಯ.

ತಿರುಗಿ ಬಂದು ಓಣಿಯೊಳಗೆ ಕಾಲಿಟ್ಟರೆ ನಡು ಮಧ್ಯಾಹ್ನದಲ್ಲೇ ಕತ್ತಲು. ತಲೆಯೆತ್ತಿ ನೋಡಿದೆ. ನಿಮ್ಮ ಪ್ರಾಣಸ್ನೇಹಿತ, ಎದುರುಮನೆಯ ರೇಷ್ಮೆ ವ್ಯಾಪಾರಿ ಮೈಮೂನ್, ತನ್ನ ಗೋಡೆಯಿಂದ ನಮ್ಮ ಗೋಡೆಗೆ ದೇವದಾರಿನ ತೊಲೆಗಳನ್ನು ಹಾಯಿಸಿ, ಓಣಿಯ ಮೇಲೆ ಕೋಣೆ ಎಬ್ಬಿಸುತ್ತಿದ್ದಾನೆ! ನಮ್ಮ ಗೋಡೆಯನ್ನು ಕೊರೆದು, ತೊಲೆಯ ತುದಿಗಳನ್ನು ಒಳಗೆ ತೂರಿಸಿದ್ದಾನೆ. ಅಂಗಳದ ನಿಂಬೆಗಿಡದ ಮೇಲೆಲ್ಲ ಇಟ್ಟಿಗೆ ಪುಡಿ.

ನಮ್ಮದು ಒಂದು ಕಡೆ ಮುಚ್ಚಿದ ಓಣಿ. ಮೂರು ಮನೆಯವರೂ ಹೂಂ ಅನ್ನದೆ ಅಲ್ಲಿ ಹೊಸ ಬಾಗಿಲಿಲ್ಲ, ಕಿಟಕಿಯಿಲ್ಲ, ತಲೆಯ ಮೇಲೆ ತೊಲೆಯಿಲ್ಲ. ಇದು ಈ ಊರಿನ ಕತ್ತೆ ಕಾಯುವವನಿಗೂ ಗೊತ್ತು, ಮೈಮೂನನಿಗೆ ಗೊತ್ತಿಲ್ಲವೆ? ಮೂರನೆಯ ಮನೆಯ ಸೂಲಗಿತ್ತಿ ಮಹ್ಜೂಬಾಳನ್ನು ಕೇಳಿದರೆ, ತಾನು ಹೂಂ ಅಂದದ್ದಾಯಿತು, ಮೈಮೂನನ ಮನೆಯವರು ಒಂದು ಕುರಿ ಕಳಿಸಿದ್ದರು ಎಂದು ಹೇಳಿ ನೆಲ ನೋಡಿದಳು. ಬಾಗಿಲ ಮರೆಯಲ್ಲಿ ನಿಂತು ಮೈಮೂನನನ್ನೇ ಕೇಳಿದೆ.

"ತಂಗೀ, ಹಮ್ಮಾದ್ ಊರು ಬಿಡೋ ಮುಂಚೆನೇ ಹೂಂ ಅಂದಿದ್ದಾನೆ. ಗಂಡಸರು ಆಡಿಕೊಂಡಿರೋ ಮಾತು. ನೀನ್ಯಾಕೆ ತಲೆ ಕೆಡಿಸ್ಕೋತೀಯ?" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನವೇ ಮೈಗೆ ಹೊದಿಕೆ ಸುತ್ತಿಕೊಂಡು ಖಾಜಿಗಳ ಮುಂದೆ ಹೋದೆ. ಅವರು ಕಟ್ಟಡ ಬಲ್ಲ ಇಬ್ಬರು ಹಿರಿಯ ಮೇಸ್ತ್ರಿಗಳನ್ನು ಕಳಿಸಿದರು. ಅವರು ಹೊರೆ ಹೊತ್ತ ಹೇಸರಗತ್ತೆಯನ್ನು ತೊಲೆಗಳ ಕೆಳಗೆ ನಡೆಸಿ ನೋಡಿದರು, ಹೊರೆ ತಗುಲಲಿಲ್ಲ. ತೊಲೆ ಗಟ್ಟಿ, ಗೋಡೆ ತಡೆಯುತ್ತದೆ, ಕೋಣೆಯಿಂದ ಯಾರ ಅಂಗಳವೂ ಕಾಣುವುದಿಲ್ಲ ಎಂದು ವರದಿ ಒಪ್ಪಿಸಿದರು. ಮೈಮೂನ್ ಆಗಲೇ ಗೆದ್ದವನ ಹಾಗೆ ಗಡ್ಡ ನೀವಿಕೊಳ್ಳುತ್ತಿದ್ದ. ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ.

"ಖಾಜಿಗಳೇ, ಎತ್ತರ ನೋಡಿದ್ರು, ತೊಲೆ ನೋಡಿದ್ರು. ಗೋಡೆ ಯಾರದು ಅಂತ ಯಾರೂ ಕೇಳ್ಲೇ ಇಲ್ಲ. ಅದು ನಮ್ಮಪ್ಪ ನನಗೆ ಕೊಟ್ಟ ಮನೆ. ನನ್ನ ಗಂಡ ಹೂಂ ಅಂದಿದ್ರೂ ಅದು ಬೇರೆಯವರ ಗೋಡೆಗೆ ಅಂದ ಹೂಂ. ಆದ್ರೆ ಅವರು ಅಂದಿರೋದಿಲ್ಲ. ನನಗೆ ಹೇಳದೆ ಆ ಗೋಡೆಗೆ ಒಂದು ಮೊಳೆ ಹೊಡೆಯೋರಲ್ಲ ಅವರು. ಈ ಮನುಷ್ಯ ಸುಳ್ಳು ಹೇಳ್ತಿದ್ದಾನೆ" ಎಂದೆ.

ಅಷ್ಟು ಜನರ ಮುಂದೆ ಅಂದೆ. ಮೈಮೂನ್ ಬಾಯಿ ತೆರೆದ, ಮತ್ತೆ ಮುಚ್ಚಿದ. ಮೂವರು ಸಾಕ್ಷಿಗಳು ಮನೆ ನನ್ನದೇ ಎಂದರು. ತೊಲೆ ಕೀಳಬೇಕು, ಗೋಡೆಯನ್ನು ಮೊದಲಿನಂತೆ ಮಾಡಿಕೊಡಬೇಕು ಎಂದು ತೀರ್ಪಾಯಿತು. ನಿನ್ನೆ ತೊಲೆಗಳು ಕೆಳಗಿಳಿದವು, ಓಣಿಗೆ ಬೆಳಕು ಬಂತು.

ಇಷ್ಟು ಬರೆಸಿದ್ದೇನೆ. ಅಲ್ಲಾಹು ನಿಮ್ಮ ಕೈಗೆ ಕಸುವು ಕೊಡಲಿ, ನೀವು ಕೆತ್ತುವ ಮಸೀದಿಯಲ್ಲಿ ನಮಾಜು ಮಾಡುವವರೆಲ್ಲರ ಪುಣ್ಯದಲ್ಲಿ ನಿಮಗೂ ಪಾಲು ಸಿಗಲಿ. ಚಿಕ್ಕಪ್ಪನೂ ಸಲಾಮು ತಿಳಿಸುತ್ತಿದ್ದಾರೆ.

ಇಂತಿ,
ರಹ್ಮಾ

ಮರೆತ ಮಾತು:

ಇಲ್ಲಿಂದ ಮುಂದಿನದು ನನ್ನದೇ ಅಕ್ಷರ. ಸೊಟ್ಟಗಿದೆ, ತಡವಿ ಓದಿಕೊಳ್ಳಿ. ಚಿಕ್ಕಪ್ಪನಿಗೆ ಇದನ್ನು ಹೇಳಲು ನನಗೆ ನಾಲಗೆ ಏಳಲಿಲ್ಲ.

ನಿನ್ನೆ ತೊಲೆ ಇಳಿಸುವ ಮೊದಲು ನಾನು ನಮ್ಮ ಮಾಳಿಗೆಯಿಂದ ಆ ಅರೆಕಟ್ಟಿದ ಕೋಣೆಯೊಳಗೆ ಇಣುಕಿದೆ. ನಮ್ಮ ಕಡೆಗೆ ಒಂದು ಬಾಗಿಲಿನ ಕಮಾನು ಕಟ್ಟಿದ್ದರು. ಅದಕ್ಕೆ ಮುಂದೆ ದಾರಿಯಿಲ್ಲ, ನಮ್ಮ ಗೋಡೆ ಅಷ್ಟೆ. ಮೈಮೂನನ ಹೆಂಡತಿ ಅಲ್ಲೇ ನಿಂತಿದ್ದಳು. ಗೋಡೆಗೆ ಎದುರಾಗಿ ಬಾಗಿಲು ಯಾಕೆ ಎಂದು ಕೇಳಿದೆ.

"ಇನ್ನೂ ನಾಟಕ ಆಡ್ತೀಯಲ್ಲೇ. ನಮ್ಮ ಮಗಳು ತಾಮೂ ನಿನ್ನ ಗಂಡನ್ನ ಮದುವೆ ಆದ್ಮೇಲೆ ನಿಮ್ಮನೆಗೆ ಬೀದಿ ಸುತ್ತಿ ಬರ್ಬೇಕಾ? ಈದ್ ಆದ್ಮೇಲೆ ಗೋಡೆ ಒಡೆಸ್ತೀನಿ ಅಂತ ಅವನೇ ಹೇಳಿ ಹೋಗಿದ್ದು. ಮಗಳ ಹೆಸರು ಕಚೇರೀಲಿ ಬರ್ಬಾರ್ದು ಅಂತ ನಮ್ಮೋರು ಬಾಯಿ ಮುಚ್ಕೊಂಡು ಸುಳ್ಳ ಅನ್ನಿಸ್ಕೊಂಡ್ರು" ಎಂದಳು.

ಮಹ್ಜೂಬಾಳಿಗೆ ಗೊತ್ತಿತ್ತು. ಮೇಸ್ತ್ರಿಗಳಿಗೂ ಗೊತ್ತಿತ್ತೋ ಏನೋ, ಕಮಾನು ನೋಡಿಯೂ ಸುಮ್ಮನಿದ್ದರು. ಗೊತ್ತಿಲ್ಲದವಳು ನಾನೊಬ್ಬಳೇ. ಊರ ಮುಂದೆ ನಿಮ್ಮ ಪರವಾಗಿ ಎದೆ ತಟ್ಟಿಕೊಂಡು ನಿಂತೆನಲ್ಲ.

ನೀವು ಇನ್ನೊಂದು ಮದುವೆಯಾಗಬಾರದೆಂದು ಯಾವ ಖಾಜಿಯೂ ಹೇಳಲಾರ, ಅದು ನನಗೆ ಗೊತ್ತು. ಆದರೆ ನೀವು ಒಡೆಯಲು ಹೊರಟದ್ದು ನನ್ನ ಗೋಡೆ.

ನಿಮ್ಮ ಹಾಸಿಗೆ, ಉಣ್ಣೆಯ ನಿಲುವಂಗಿ, ಹಮಾಮಿನ ಸ್ನಾನಕ್ಕೆ ಒಯ್ಯುವ ಬೋಗುಣಿ, ಎಲ್ಲವನ್ನೂ ಇವತ್ತು ಬೆಳಿಗ್ಗೆ ಮೈಮೂನನ ಮನೆಗೆ ಸಾಗಿಸಿದ್ದೇನೆ. ಊರಿಗೆ ಬಂದಾಗ ನೇರವಾಗಿ ಅಲ್ಲಿಗೇ ಹೋಗಿ. ನನ್ನ ಬಾಗಿಲು ತಟ್ಟಬೇಡಿ.