ಹದಿನಾಲ್ಕನೇ ಕಂಬದ ಬಿಡಾರ

ಗಾಜು ತಟ್ಟಿದ ಮಾನ್ಯರೇ,

ಕಳೆದ ನವೆಂಬರಿನ ಒಂದು ಶುಕ್ರವಾರ, ನಸುಕಿನ ಎರಡೂಕಾಲು ಗಂಟೆಗೆ, ಹಿದ್ ಕಡೆಗೆ ಹೋಗುವ ರಸ್ತೆಯಲ್ಲಿರುವ ನಿಮ್ಮ ದೊಡ್ಡ ಅಂಗಡಿಯ ಪಾರ್ಕಿಂಗ್ ಬಯಲಿನಲ್ಲಿ ಮಲಗಿದ್ದ ನಾಲ್ಕು ಜನರನ್ನು ನೀವು ಎಬ್ಬಿಸಿ ಕಳಿಸಿದಿರಿ. ಅವರಲ್ಲಿ ಒಬ್ಬಳಿಗೆ ಹನ್ನೊಂದು ತಿಂಗಳು. ಒಬ್ಬರಿಗೆ ಅರವತ್ತೆಂಟು ವರ್ಷ. ಇನ್ನೊಬ್ಬರು ಹಿಂದಿನ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಡ್ಯೂಟಿ ಮುಗಿಸಿ, ಆರು ಗಂಟೆ ಕಾಲ ಸೌದಿಯಿಂದ ಬಹರೈನಿಗೆ ಬರುವ ಸೇತುವೆಯ ಸಾಲಿನಲ್ಲಿ ವ್ಯಾನು ನಡೆಸಿಕೊಂಡು ಬಂದವರು. ನಾಲ್ಕನೆಯವಳು ನಾನು. ಅದಾಗಿ ತಿಂಗಳೊಳಗೆ ನೀವು ಬೋರ್ಡನ್ನೂ ಹಾಕಿಸಿದಿರಂತೆ. ಅಲ್ಲೇ ಹತ್ತಿರದ ಅರಾದ್‌ನಲ್ಲಿರುವ ನನ್ನ ಗೆಳತಿ ಶಹೀದಾ ಫೋಟೊ ಕಳಿಸಿದಳು: ರಾತ್ರಿ ಹನ್ನೆರಡರ ಮೇಲೆ ಇಲ್ಲಿ ವಾಹನದಲ್ಲಿ ತಂಗುವಂತಿಲ್ಲ, ತಂಗಿದರೆ ಚಕ್ರಕ್ಕೆ ಬೀಗ. ಆ ಬೋರ್ಡನ್ನು ತೆಗೆಯಿರಿ ಎಂದು ಹೇಳಲು ಈ ಪತ್ರ. ‘ವಿನಂತಿ’ ಎಂಬ ಪದ ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ.

ಬಹರೈನಿನ ಒಂದು ಅಂಗಡಿಯ ಅಧಿಕಾರಿಗೆ ಇವಳೇಕೆ ಕನ್ನಡದಲ್ಲಿ, ಅದೂ ಪತ್ರಿಕೆಯಲ್ಲಿ ಬರೆಯುತ್ತಿದ್ದಾಳೆ ಎಂದು ಓದುಗರಿಗೆ ಅನಿಸಬಹುದು. ನಿಮಗೆ ಅನಿಸಲಾರದು. ಆ ವಿಷಯಕ್ಕೆ ಬರುತ್ತೇನೆ.

ಮೊದಲು ನಿಮ್ಮ ಬೋರ್ಡಿನ ಭಾಷೆ. ನಮ್ಮ ವ್ಯಾನನ್ನು ಅದು ‘ರಿಕ್ರಿಯೇಷನಲ್ ವೆಹಿಕಲ್’ ಎಂದು ಕರೆದಿದೆ. ಅಂದರೆ ಮನರಂಜನೆಯ ವಾಹನ. ಯಾರ ಮನರಂಜನೆ, ಮಾನ್ಯರೇ? ನನ್ನ ಗಂಡ ಅಫ್ಸಲ್ ಸೌದಿಯ ಜುಬೈಲಿನಲ್ಲಿ ವಾರದ ಐದು ದಿನ ಅದೇ ವ್ಯಾನಿನಲ್ಲಿ ಏಸಿ ರಿಪೇರಿಯ ಸಾಮಾನು ಸಾಗಿಸುತ್ತಾರೆ. ಗುರುವಾರ ಸಂಜೆ ಸಾಮಾನು ಇಳಿಸಿ, ಹಲಗೆ ಹಾಸಿ, ಹಾಸಿಗೆ ಬಿಡಿಸಿ, ಕಿಟಕಿಗಳಿಗೆ ನನ್ನ ಅತ್ತೆಯ ಹಳೆಯ ಸೀರೆ ಹರಿದು ಹೊಲಿದ ಪರದೆ ಕಟ್ಟುತ್ತೇವೆ. ಅದೇ ನಮ್ಮ ಮನರಂಜನೆ. ನಾನು, ಮಗು, ಅತ್ತೆ ಮೂವರೂ ಇರುವುದು ವಿಸಿಟ್ ವೀಸಾದಲ್ಲಿ. ಮೂರು ತಿಂಗಳಿಗೊಮ್ಮೆ ಸೌದಿಯಿಂದ ಹೊರಗೆ ಕಾಲಿಟ್ಟು ಮತ್ತೆ ಒಳಗೆ ಹೋಗಬೇಕು. ಪಾಸ್‌ಪೋರ್ಟಿನ ಮೇಲೆ ಎರಡು ಠಸ್ಸೆ ಬೀಳಬೇಕು. ಆ ಎರಡು ಠಸ್ಸೆಗಾಗಿ ಇಡೀ ಸಂಸಾರ ಸಮುದ್ರ ದಾಟುತ್ತದೆ. ನಮ್ಮ ಹಾಗೆ ದಾಟುವವರು ಸಾವಿರಾರು ಮಂದಿ. ವಾರದ ಕೊನೆಯಲ್ಲಿ ಹೋಟೆಲುಗಳೆಲ್ಲ ಭರ್ತಿ. ಶಹೀದಾಳ ಮನೆಗೆ ಹೋಗಬಹುದಿತ್ತಲ್ಲ ಎನ್ನಬೇಡಿ. ಅವಳದು ಮೂರು ಕುಟುಂಬ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆ. ಅಲ್ಲಿ ರಾತ್ರಿ ಎದ್ದು ನೀರು ಕುಡಿಯಲು ಹೋಗುವವರೂ ಒಬ್ಬರನ್ನು ದಾಟಿಯೇ ಹೋಗಬೇಕು.

ಹೀಗಾಗಿ ನಮಗೆ ನಿಮ್ಮ ಬಯಲು. ಮೂರನೆಯ ಸಾಲು, ಹದಿನಾಲ್ಕನೇ ನಂಬರಿನ ದೀಪದ ಕಂಬ. ಆ ದೀಪ ಕೆಟ್ಟಿದೆ, ಅದಕ್ಕೇ ಆ ಜಾಗ. ಅದಕ್ಕೆ ಮೊದಲು ಮೂರು ಸಲ ಅಲ್ಲೇ ಮಲಗಿದ್ದೆವು, ಯಾರೂ ಏನೂ ಅಂದಿರಲಿಲ್ಲ. ಅಂಗಡಿ ಮುಚ್ಚುವ ಮುಂಚೆ ಮಗುವಿನ ಹಾಲುಪುಡಿ, ಬ್ರೆಡ್ಡು, ನೀರು ನಿಮ್ಮಲ್ಲೇ ಕೊಳ್ಳುತ್ತಿದ್ದೆವು. ಅತ್ತೆಗೆ ಬೆಳಗಿನ ಜಾವದ ಫಜರ್ ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಸಿಬ್ಬಂದಿಯ ಶೌಚಾಲಯದ ಬಾಗಿಲನ್ನು ಒಬ್ಬರು ತೆರೆದುಕೊಡುತ್ತಿದ್ದರು. ಅವರು ಯಾರು ಎಂದು ನೀವು ವಿಚಾರಣೆ ನಡೆಸಬಹುದು. ನಾನಂತೂ ಹೇಳುವುದಿಲ್ಲ.

ಆ ರಾತ್ರಿ ನೀವು ಟಾರ್ಚು ಹಿಡಿದು ಬಂದಿರಿ. ಮೊದಲು ಬೆಳಕು ಬಿದ್ದದ್ದು ನನ್ನ ಮಗಳು ಅಮ್ಮುವಿನ ಮುಖದ ಮೇಲೆ. ಅವಳನ್ನು ಮಲಗಿಸಲು ನನಗೆ ಒಂದೂವರೆ ತಾಸು ಹಿಡಿದಿತ್ತು. ಅರಾದ್ ಮೇಲೆ ಒಂದೊಂದು ವಿಮಾನ ಇಳಿದಾಗಲೂ ಬೆಚ್ಚಿ ಏಳುತ್ತಿದ್ದ ಮಗು ಅದು. ನೀವು ಗಾಜು ತಟ್ಟಿ ಹಿಂದಿಯಲ್ಲಿ, “ಉಠೋ ಭಾಯ್, ಉಠೋ. ಯಹಾಂ ಸೋನಾ ಮನಾ ಹೈ” ಎಂದಿರಿ. ಮಗು ಮಲಗಿದೆ, ಬೆಳಿಗ್ಗೆ ಐದಕ್ಕೆ ಹೊರಟುಬಿಡುತ್ತೇವೆ ಎಂದು ಅಫ್ಸಲ್ ಕೂಡ ಹಿಂದಿಯಲ್ಲೇ ಹೇಳಿದರು. ನಾನೇ ಇಲ್ಲಿನ ಇನ್‌ಚಾರ್ಜ್, ನನ್ನ ಮೇಲೆ ಯಾರೂ ಇಲ್ಲ ಎಂದಿರಿ ನೀವು.

ಹಿಂದಿನಿಂದ ಅತ್ತೆಯ ದನಿ ಬಂತು. ನನ್ನ ಅತ್ತೆ ರುಕಿಯಮ್ಮ ಅವರಿಗೆ ಬ್ಯಾರಿ, ತುಳು, ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಅವತ್ತು ಮಗನೊಡನೆ ಆಡಿದ್ದು ಬ್ಯಾರಿಯಲ್ಲಿ.

“ಯಾರು ಮೋನೆ? ಪೊಲೀಸಾ?”

“ಅಲ್ಲ ಉಮ್ಮ. ಅಂಗಡಿಯವರು.”

“ಅಂಗಡಿಯವರಿಗೆ ಈ ಹೊತ್ತಿಗೆ ಎಂತ ವ್ಯಾಪಾರ? ಬೇಕಾದ್ದು ಬೆಳಿಗ್ಗೆ ತೆಗೊಳ್ತೇವೆ ಅಂತ ಹೇಳು.”

ಅಷ್ಟರಲ್ಲಿ ನಿಮ್ಮ ಫೋನು ರಿಂಗಾಯಿತು. ನೀವು ಎರಡು ಹೆಜ್ಜೆ ಆಚೆ ಸರಿದು, ಅಪ್ಪಟ ಕನ್ನಡದಲ್ಲಿ ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ: “ಇಲ್ಲ ಕಣೋ, ಇನ್ನೊಂದ್ ಹತ್ ನಿಮಿಷ. ಮೂರನೇ ಸಾಲಲ್ಲಿ ಯಾವುದೋ ಬಿಡಾರ ಹೂಡ್ಬಿಟ್ಟಿದಾರೆ. ಎಬ್ಬಿಸಿ ಓಡಿಸ್ಬಿಟ್ಟು ಬರ್ತೀನಿ. ಟೀ ಇಟ್ಟಿರು.”

ಹಿಂದಿಯಲ್ಲಿ ನಮ್ಮನ್ನು ‘ಭಾಯ್’ ಎಂದವರು ನೀವು. ಕನ್ನಡದಲ್ಲಿ ನಾವು ‘ಯಾವುದೋ ಬಿಡಾರ’ ಆದೆವು. ತಲೆಗೆ ಸ್ಕಾರ್ಫು ಕಟ್ಟಿದ ಹೆಂಗಸು, ಸೌದಿ ನಂಬರಿನ ವ್ಯಾನು. ಮಲಯಾಳಿಗಳೋ ಹೈದರಾಬಾದಿನವರೋ ಇರಬೇಕೆಂದು ನೀವು ತಿಳಿದಿರಿ. ನಾನು ಮಂಗಳೂರಿನ ಕಾಲೇಜಿನಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದವಳು. ಅಂತರ ಕಾಲೇಜು ಚರ್ಚಾಸ್ಪರ್ಧೆಯಲ್ಲಿ ಎರಡು ವರ್ಷ ಕಪ್ ತಂದವಳು. ಅಂಥವಳು ಆ ರಾತ್ರಿ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ, “ಅಯ್ಯೋ, ನಮ್ಮ ಕಡೆಯೋರಾ? ಮೊದಲೇ ಹೇಳಬಾರದಾ?” ಎಂದು ನೀವು ಟಾರ್ಚು ಆರಿಸಿ ಹೋಗುತ್ತಿದ್ದಿರೋ ಏನೋ. ನಮ್ಮ ಪಕ್ಕದಲ್ಲೇ ಒಂದು ಸುಡಾನಿ ಕುಟುಂಬದ ಗಾಡಿಯಿತ್ತು, ಒಳಗೆ ಮೂವರು ಮಕ್ಕಳು. ನಾವು ಕನ್ನಡಿಗರೆಂದು ಮಲಗಿರುವುದು, ಅವರು ಅಲ್ಲವೆಂದು ಏಳುವುದು, ಅಂಥ ದಯೆ ನನಗೆ ಬೇಕಿರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಸುಳ್ಳು ಏಕೆ? ಅದು ಆಮೇಲೆ ಹೊಳೆದ ಮಾತು. ಆ ಹೊತ್ತಿಗೆ ನನಗೆ ಬರೀ ನಾಚಿಕೆಯಾಗಿತ್ತು. ನನ್ನ ಭಾಷೆಯವರೊಬ್ಬರು ನನ್ನನ್ನು ಹೀಗೆ ಕೆದರಿದ ತಲೆಯಲ್ಲಿ, ಹಾಲಿನ ಕಲೆಯ ನೈಟಿಯಲ್ಲಿ ನೋಡಿದರಲ್ಲ ಎಂದು ಪರದೆ ಎಳೆದುಕೊಂಡೆ.

ಹೊರಟೆವು. ಅದ್ಲಿಯಾ ಬಡಾವಣೆಯ ಗಲ್ಲಿಗಳಲ್ಲಿ ಎರಡು ಸುತ್ತು ಹಾಕಿದೆವು. ರೆಸ್ಟೋರೆಂಟುಗಳ ಮುಂದೆ ಕಾರುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಒಂದು ಕಡೆ ಐದು ನಿಮಿಷ ನಿಲ್ಲಿಸಿದ್ದಕ್ಕೆ ವಿಲ್ಲಾದವರು ಮಹಡಿಯಿಂದ ಕೂಗಿದರು. “ಬಿಡು, ಊರಿಗೇ ಹೋಗುವ” ಎಂದರು ಅಫ್ಸಲ್. ಜುಬೈಲನ್ನು ಊರು ಎಂದು ಅವರು ಕರೆದದ್ದು ಅವತ್ತೇ ಮೊದಲು.

ಸೇತುವೆಯ ನಡುವಿನ ದ್ವೀಪದ ಗಡಿಠಾಣೆಯಲ್ಲಿ ಠಸ್ಸೆ ಬಿತ್ತು. ಆಚೆಯ ಅರ್ಧ ಸೇತುವೆ ಉಳಿದಿತ್ತು. ಎರಡೂ ಕಡೆ ಕಪ್ಪು ನೀರು, ಮುಂದೆ ಒಂದೇ ಸಮನೆ ಬರುವ ದೀಪದ ಕಂಬಗಳು. ಅಮ್ಮು ನನ್ನ ಎದೆಯ ಮೇಲೆ ಅತ್ತು ಅತ್ತು ನಿದ್ದೆ ಹೋಗಿದ್ದಳು. ನನಗೂ ಜೋಂಪು ಹತ್ತಿತ್ತು. ಚಕ್ರದ ಸದ್ದು ಬದಲಾಯಿತು. ರಸ್ತೆಯಂಚಿನ ಉಬ್ಬು ಗೆರೆಯ ಮೇಲೆ ಟಯರು ಹತ್ತಿ ಗುರ್‌ ಎನ್ನತೊಡಗಿತು. ನನಗೆ ಕಣ್ಣು ಬಿಡುವಷ್ಟರಲ್ಲಿ ಅತ್ತೆ ಹಿಂದಿನಿಂದ ಬಾಗಿ ಮಗನ ಕುತ್ತಿಗೆಗೆ ಫಟ್ಟೆಂದು ಹೊಡೆದಾಗಿತ್ತು.

“ಮೋನೆ!”

ವ್ಯಾನು ಓಲಾಡಿ ರಸ್ತೆಗೆ ಬಂತು. ಅಫ್ಸಲ್ ನಿದ್ದೆ ಮಾಡುತ್ತಿದ್ದರು, ಮಾನ್ಯರೇ. ನೂರರ ವೇಗದಲ್ಲಿ, ಸ್ಟಿಯರಿಂಗ್ ಹಿಡಿದುಕೊಂಡು, ಕಣ್ಣು ಅರೆತೆರೆದು. ತಡೆಗೋಡೆಗೂ ನಮಗೂ ಎಷ್ಟು ದೂರವಿತ್ತೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

“ಕಂಬ ಎಣಿಸು” ಎಂದರು ಅತ್ತೆ. “ದೊಡ್ಡದಾಗಿ ಎಣಿಸು. ನನಗೆ ಕೇಳಬೇಕು.”

ಮೂವತ್ನಾಲ್ಕು ವರ್ಷದ ಗಂಡಸು ಒಂದನೇ ಕ್ಲಾಸಿನ ಮಗುವಿನ ಹಾಗೆ, ಒಂದು, ಎರಡು, ಮೂರು ಎಂದು ದೀಪದ ಕಂಬಗಳನ್ನು ಎಣಿಸುತ್ತ ದಡ ಮುಟ್ಟಿದರು. ನಡುವೆ ಸ್ವಲ್ಪ ದನಿ ಇಳಿದರೂ ಅತ್ತೆ, “ಎಷ್ಟಾಯ್ತು? ಹೇಳು, ಎಷ್ಟಾಯ್ತು?” ಎಂದು ಭುಜ ಅಲ್ಲಾಡಿಸುತ್ತಿದ್ದರು.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಮನೆಯಲ್ಲಿ, ಹಾಸಿಗೆಯ ಮೇಲೆ, ಎಲ್ಲರೂ ಮಲಗಿದ ಮೇಲೆ ಎದ್ದು ಕೂತು ಅವರ ಉಸಿರು, ಅಮ್ಮುವಿನ ಉಸಿರು ಕೇಳಿಸಿಕೊಳ್ಳುತ್ತೇನೆ. ಡಾಕ್ಟರು, ಹೆರಿಗೆಯ ನಂತರ ಹೀಗಾಗುತ್ತದೆ ಎಂದರು. ಹೆರಿಗೆಯಾಗಿ ವರ್ಷವಾಯಿತು. ನನ್ನನ್ನು ಎಬ್ಬಿಸಿ ಕೂರಿಸುವುದು ಒಂದೇ ಮಾತು: ಅವತ್ತು ನಾನು ಪರದೆ ಸರಿಸಿ ಒಂದೇ ಒಂದು ವಾಕ್ಯ ಕನ್ನಡದಲ್ಲಿ ಹೇಳಿದ್ದರೆ ನಾವು ಸೇತುವೆಯ ಮೇಲೆ ಇರುತ್ತಿರಲಿಲ್ಲ. ಆದರೆ ಮಲಗಿದ ಮಗುವನ್ನು ಉಳಿಸಿಕೊಳ್ಳಲು ತಾಯಿಗೆ ಸರಿಯಾದ ಭಾಷೆ ಗೊತ್ತಿರಬೇಕು ಎಂಬ ನಿಯಮ ನಿಮ್ಮ ಬೋರ್ಡಿನಲ್ಲಿ ಎಲ್ಲಿದೆ, ತೋರಿಸಿ.

ಘಟನೆಯಾದ ವಾರದಲ್ಲೇ ನಾನು ನಿಮಗೆ ಇಂಗ್ಲಿಷಿನಲ್ಲಿ ಇಮೇಲ್ ಕಳಿಸಿದ್ದೆ. ವಾಹನ ನಿಲುಗಡೆ ಮತ್ತು ಭದ್ರತಾ ವಿಭಾಗದ ವ್ಯವಸ್ಥಾಪಕರೆಂದು ಸಹಿ ಹಾಕಿ ನೀವೇ ಉತ್ತರಿಸಿದಿರಿ: ‘ಅಮೂಲ್ಯ ಗ್ರಾಹಕರೇ, ಈ ಕ್ರಮವನ್ನು ನಿಮ್ಮದೇ ಸುರಕ್ಷತೆಗಾಗಿ ಕೈಗೊಳ್ಳಲಾಗಿದೆ.’ ನನ್ನ ಸುರಕ್ಷತೆ! ನಿಂತ ವ್ಯಾನಿನಲ್ಲಿ ಮಲಗಿದವರನ್ನು ಎಬ್ಬಿಸಿ, ಓಡುವ ವ್ಯಾನಿನಲ್ಲಿ ಮಲಗುವಂತೆ ಮಾಡಿದ ಸುರಕ್ಷತೆ. ಇಷ್ಟು ಕಾಳಜಿಗೆ ಏನೆಂದು ಕೃತಜ್ಞತೆ ಹೇಳಲಿ?

ಕೊಳಕು ಮಾಡುತ್ತಾರೆ, ಬೆಂಕಿ ಹಚ್ಚುತ್ತಾರೆ ಎನ್ನುತ್ತೀರಿ. ಹೌದು. ಇದ್ದಿಲು ಉರಿಸಿ ಕಬಾಬು ಸುಟ್ಟವರನ್ನು, ಬಳಸಿದ ಡೈಪರನ್ನು ಗಿಡದ ಬುಡಕ್ಕೆ ಎಸೆದವರನ್ನು ನಾನೂ ಕಂಡಿದ್ದೇನೆ. ಅತ್ತೆ ಅಂಥ ಒಬ್ಬಳನ್ನು ಬ್ಯಾರಿಯಲ್ಲಿ ಬೈದು, ಆಕೆ ಅರಬಿಯಲ್ಲಿ ಬೈದು, ಕೊನೆಗೆ ಡೈಪರು ಮಾತ್ರ ಕಸದ ಡಬ್ಬಿಗೆ ಹೋಯಿತು. ಅಂಥವರ ಗಾಡಿ ನಂಬರು ಬರೆದುಕೊಳ್ಳಿ, ದಂಡ ಹಾಕಿ. ಅದು ನಿಮ್ಮ ಕೆಲಸ. ಅದು ಕಷ್ಟದ ಕೆಲಸವಾದ್ದರಿಂದ ಎಲ್ಲರನ್ನೂ ಓಡಿಸುವ ಸುಲಭದ ಕೆಲಸ ಆರಿಸಿಕೊಂಡಿದ್ದೀರಿ.

ರಾತ್ರಿ ತಂಗುವುದೇ ತಪ್ಪೆಂದರೆ, ನಿಮ್ಮ ಬಯಲಿನಲ್ಲಿ ತಂಗುವವರು ಇನ್ನೂ ಇದ್ದಾರಲ್ಲ! ಲಕ್ಕಿ ಡ್ರಾದ ಬಹುಮಾನವೆಂದು ಕೆಂಪು ರಿಬ್ಬನ್ ಕಟ್ಟಿದ ಹೊಸ ಕಾರೊಂದು ಎರಡು ತಿಂಗಳು ಹಗಲೂ ರಾತ್ರಿ ಬಾಗಿಲ ಬಳಿಯೇ ನಿಂತಿತ್ತು. ಅದರ ಗಾಜು ಯಾರೂ ತಟ್ಟಲಿಲ್ಲ. ನಿಮ್ಮ ಟ್ರಾಲಿಗಳಿಗೆ ಅದೇ ಬಯಲಿನಲ್ಲಿ ಆರು ಕಡೆ ಚಾವಣಿ ಇದೆ. ಮಂಜು ಬೀಳದ ಹಾಗೆ, ಬಿಸಿಲು ತಾಗದ ಹಾಗೆ ಅವು ಒಂದರೊಳಗೊಂದು ಬೆಚ್ಚಗೆ ಮಲಗುತ್ತವೆ. ಆ ಟ್ರಾಲಿಯಲ್ಲಿ ಮಗುವನ್ನು ಕೂರಿಸಲು ಪುಟ್ಟ ಸೀಟನ್ನೂ ಇಟ್ಟಿದ್ದೀರಿ. ಅಮ್ಮು ಅದರಲ್ಲೇ ಒಂದೆರಡು ಸಲ ನಿದ್ದೆ ಹೋಗಿದ್ದಾಳೆ, ಆಗ ಅಂಗಡಿಯ ಹುಡುಗಿಯರು “ಸೋ ಸ್ವೀಟ್” ಎಂದು ಕೆನ್ನೆ ಮುಟ್ಟಿದ್ದಾರೆ. ಕೊಳ್ಳುತ್ತಿರುವವರೆಗೆ ಮಗು ಮಲಗಬಹುದು. ಬಿಲ್ ಆದ ಮೇಲೆ ಮಲಗಿದರೆ ಅತಿಕ್ರಮಣ!

ಇನ್ನು ನಿಮ್ಮ ಆ ಪದ. ನಿಮ್ಮ ಮಾತಿನ ಧಾಟಿ ನೋಡಿದರೆ ನೀವು ಘಟ್ಟದ ಮೇಲಿನವರು. ಅಲ್ಲಿ ಬಿಡಾರವೆಂದರೆ ಊರಾಚೆ ನಾಲ್ಕು ದಿನ ಗುಡಾರ ಹಾಕಿ, ಯಾರಾದರೂ ಗದರಿದರೆ ಕಿತ್ತುಕೊಂಡು ಹೋಗುವವರದು ಇರಬಹುದು. ಮಂಗಳೂರಿನಲ್ಲಿ ಹಾಗಲ್ಲ. ನಮ್ಮಲ್ಲಿ ಬಿಡಾರವೆಂದರೆ ಬಾಡಿಗೆ ಮನೆ. ಬಂದರಿನ ಹಿಂದಿನ ಓಣಿಯಲ್ಲಿ ಒಂದೇ ಮಾಡಿನ ಕೆಳಗೆ ಆರು ಬಿಡಾರಗಳಿದ್ದವು, ನಾಲ್ಕನೆಯದರಲ್ಲಿ ನಾನು ಹುಟ್ಟಿದೆ. “ನಿಮ್ಮ ಬಿಡಾರ ಎಲ್ಲಿ?” ಎಂದು ಯಾರಾದರೂ ಕೇಳಿದರೆ ನಾವು ಮನೆಗೇ ಕರೆದುಕೊಂಡು ಹೋಗುವುದು. ಆದರೂ ನೀವಾಡಿದ ರೀತಿಗೆ ನನಗೆ ಉರಿದುಹೋಗಿತ್ತು. ಜುಬೈಲಿಗೆ ಮುಟ್ಟಿದ ಮೇಲೆ, ಮಗುವಿಗೆ ಬಟ್ಟೆ ಬದಲಿಸುತ್ತ ಅತ್ತೆಗೆ ಹೇಳಿದೆ: “ಆ ಮನುಷ್ಯ ಕನ್ನಡದವನು ಮಾಮಿ. ನಮ್ಮನ್ನು ಯಾವುದೋ ಬಿಡಾರ ಅಂದ.”

ಅತ್ತೆ ಪರದೆ ಮಡಚುತ್ತಿದ್ದರು. “ಮತ್ತೆ ಬಿಡಾರ ಅಲ್ಲದೆ ಎಂತ ಅದು? ಚಾಪೆ ಉಂಟು, ಪರದೆ ಉಂಟು, ಮಗು ಉಂಟು. ಅವ ಹೇಳಿದ್ದು ಸರಿಯೇ. ಬಿಡಾರ ಅಂತ ಗೊತ್ತಿದ್ದೂ ಎಬ್ಬಿಸಿದ ಅಲ್ವಾ, ತಪ್ಪು ಅದು.”

ಎರಡು ಕಪ್ ಗೆದ್ದವಳಿಗೆ ಈ ವಾದ ಹೊಳೆದಿರಲಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಬೋರ್ಡು ಕೆಳಗಿಳಿಯಬೇಕು. ಟ್ರಾಲಿಗಳ ಪಕ್ಕದ ಮೂಲೆಯಲ್ಲಿ, ಹನ್ನೆರಡರಿಂದ ಆರರವರೆಗೆ, ಸಂಸಾರ ಸಮೇತ ದಾರಿಯಲ್ಲಿರುವವರಿಗೆ ಒಂದು ಸಾಲು ಬಿಟ್ಟುಕೊಡಿ. ಅವರ ದೇಶ ಯಾವುದು, ಭಾಷೆ ಯಾವುದು ಕೇಳಬೇಡಿ. ಬೇಕಿದ್ದರೆ ಸಂಜೆಯೇ ಕೌಂಟರಿನಲ್ಲಿ ಗಾಡಿ ನಂಬರು, ಪಾಸ್‌ಪೋರ್ಟಿನ ಪ್ರತಿ ತೆಗೆದುಕೊಳ್ಳಿ, ಕಸ ಹಾಕಿದವರನ್ನು ಮತ್ತೆ ಸೇರಿಸಬೇಡಿ. ಒಂದು ಶೌಚಾಲಯದ ಬಾಗಿಲು ತೆರೆದಿರಲಿ, ಕದ್ದು ತೆರೆಯುವವರಿಗೆ ಆ ಭಯ ತಪ್ಪಲಿ.

ನೀವು ಒಪ್ಪುವವರೆಗೆ ಕಾಯುವ ಅನುಕೂಲ ನಮಗಿಲ್ಲ. ಮೂರು ತಿಂಗಳು ಮತ್ತೆ ತುಂಬುತ್ತಿದೆ. ಫೆಬ್ರವರಿಯ ಎರಡನೇ ಗುರುವಾರ ರಾತ್ರಿ ನಾವು ಬರುತ್ತೇವೆ. ಬೋರ್ಡು ಇದ್ದರೂ ಬರುತ್ತೇವೆ, ಬೀಗ ಇದ್ದರೂ ಬರುತ್ತೇವೆ. ಚಕ್ರಕ್ಕೆ ಬೀಗ ಹಾಕಿದರೆ ಹಾಕಿ. ಬೀಗ ಹಾಕಿದ ಗಾಡಿಯನ್ನು ಆ ರಾತ್ರಿ ಯಾರೂ ಸೇತುವೆಗೆ ಓಡಿಸಲಾರರು, ಅಷ್ಟು ಮಟ್ಟಿಗೆ ಅದೂ ಒಂದು ಉಪಕಾರ. ಗಾಜು ತಟ್ಟಬೇಕೆನಿಸಿದರೆ ಎಡಗಡೆಯ, ನೀಲಿ ಪರದೆಯ ಗಾಜನ್ನು ತಟ್ಟಿ. ಟಾರ್ಚು ಮಗುವಿನ ಮುಖಕ್ಕೆ ಹಿಡಿಯಬೇಡಿ. ಹಿಂದಿಯೂ ಬೇಡ. ಪರದೆ ಈ ಸಲ ನಾನೇ ಸರಿಸುತ್ತೇನೆ. ನಿಮಗೆ ಯಾರನ್ನೂ ಎಬ್ಬಿಸುವ ತೊಂದರೆಯಿಲ್ಲ, ನಾನು ಎದ್ದೇ ಇರುತ್ತೇನೆ.

ಇಂತಿ,
ಮೂರನೆಯ ಸಾಲು, ದೀಪ ಕೆಟ್ಟ ಹದಿನಾಲ್ಕನೇ ಕಂಬದ ಕೆಳಗಿನ ಬಿಡಾರದಿಂದ,
ನಿಮ್ಮ ಅಮೂಲ್ಯ ಗ್ರಾಹಕಿ,
ಅಸ್ನಾ ಅಫ್ಸಲ್
(ಸದ್ಯಕ್ಕೆ ಜುಬೈಲ್, ಜನವರಿ 2017)