ಬಯ್ಯಪ್ಪನ ಎಡೆ

ಚಿಂತಾಮಣಿ
೧೪-೨-೧೯೯೪

ಗಂಗುಲಮ್ಮನವರಿಗೆ ವೆಂಕಟರವಣನ ನಮಸ್ಕಾರಗಳು.

ಅಮ್ಮಾ, ಬಯ್ಯಪ್ಪ ಕುಡಿದು ಸತ್ತ ಅಂತ ನಿಮ್ಮೂರು ಸಾದಲಿಯಲ್ಲಿ ಆಡ್ಕೋತಾರಂತೆ. ಹೋದ ಯುಗಾದಿಗೇ ನಾವಿಬ್ಬರೂ ಬಿಟ್ಟಿದ್ವಿ. ಸಾರಾಯಿ ಅಂಗಡಿ ಕಡೆ ಕಾಲು ಎಳೀಬಾರದು ಅಂತ ದಿನಾ ಸಂಜೆ ಸೈಕಲ್ ತುಳ್ಕೊಂಡು ಅಂಬಾಜಿದುರ್ಗದ ಬೆಟ್ಟಕ್ಕೆ ಹೋಗಿ ಕೂತಿರ್ತಿದ್ವಿ. ಅಷ್ಟರಲ್ಲೇ ಅವನ ಲಿವರ್ ಹೋಗಿತ್ತು. ಆಸ್ಪತ್ರೆಯಲ್ಲಿ, "ನಾನು ಬಿಟ್ಟಿದ್ದೆ ಅಂತ ಅಮ್ಮಂಗೆ ಹೇಳೋ" ಅಂದ.

ತಿಥಿ ದಿನ ಅವನಿಗೆ ಇಷ್ಟ ಅಂತ ಯಾರಾದ್ರೂ ಎಡೆಗೆ ಸಾರಾಯಿ ಪಾಕೀಟು ತಂದ್ರೆ ಇಡೋಕೆ ಬಿಡಬೇಡಿ. ಕಾಫಿ ಇಡಿ.

ನಾನು ಬರಲ್ಲ, ತಪ್ಪು ತಿಳೀಬೇಡಿ. ತಿಥಿ ಊಟಕ್ಕೆ ಮುಂಚೆ ಬಂದೋರಿಗೆಲ್ಲ ಸಾರಾಯಿನೇ ಕೊಡ್ತಾರೆ. ಬೇಡ ಅನ್ನೋಕೆ ಪಕ್ಕದಲ್ಲಿ ಅವನಿರಬೇಕಿತ್ತು. ಒಬ್ಬನ ಕೈಲಿ ಆಗ್ತಾ ಇಲ್ಲ ಅಮ್ಮಾ.

ನಿಮ್ಮ ಮಗನಂಥ
ವೆಂಕಟರವಣ