ಒಂಬತ್ತನೆಯ ಸಾಲು

ಪ್ರಯೋಗಾಲಯ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹನ್ನೊಂದು ವರ್ಷದ ಮೇಲೆ ಅಕ್ಕನ ಕಾಗದ ಬಂತೆಂದು ಹುಬ್ಬೇರಿಸಬೇಡ. ಹರಿದು ಹಾಕುವುದೇ ಆದರೆ ಓದಿ ಹರಿ.

ಹೋದ ತಿಂಗಳು ಬಂದರಿನಲ್ಲಿ ದೋಣಿ ಕಟ್ಟುವ ಹಳೆಯ ತೇಲುಕಟ್ಟೆಯನ್ನು ಕಳಚಿದರು. ಅದರಡಿ ಮುಳುಗಿ ಕೆಲಸ ಮಾಡುವವನು ಹಲಗೆಯ ಚೂರೊಂದನ್ನು ಬಕೆಟ್ಟಿನಲ್ಲಿ ತಂದು ನನ್ನ ಮೇಜಿನ ಮೇಲಿಟ್ಟ. "ಯಾರೋ ಬಣ್ಣ ಬಳಿದಿದ್ದಾರೆ ಅಂದ್ಕೊಂಡೆ ಮೇಡಂ. ಮುಟ್ಟಿದ್ರೆ ಮೆತ್ತಗಿದೆ. ಜೀವ ಇದೆ ಅನ್ಸುತ್ತೆ" ಎಂದ. ಇದ್ದಿಲಿನಂಥ ಕಪ್ಪು ಹಾಸು, ಅದರ ತುಂಬ ಕಿತ್ತಳೆ ಬಣ್ಣದ ನಕ್ಷತ್ರಗಳು. ನೀನು ಇಲ್ಲಿ ಚಿತ್ರಗಾರ್ತಿಯಾಗಿದ್ದಾಗ ಬರೆದ ಕೊನೆಯ ಚಿತ್ರ ನನ್ನ ಮುಂದೆ ಉಸಿರಾಡುತ್ತಿತ್ತು!

ಮುಟ್ಟಿದರೆ ನೀರು ಚಿಮ್ಮುವ ಈ ಸೀ ಸ್ಕ್ವರ್ಟುಗಳಿಗೆ ನೀನು 'ಉಗುಳುಮಾರಿ' ಎಂದು ಹೆಸರಿಟ್ಟಿದ್ದೆ, ನೆನಪಿದೆಯಾ? ಅಂದು ನೀನೇ ಬಂದರಿಗೆ ಹೋಗಿ, ಬದುಕಿದ್ದನ್ನು ಭೂತಕನ್ನಡಿಯಲ್ಲಿ ನೋಡಿ ಬರೆದೆ. ನನ್ನ ಕೈ ಸೇರಿದ್ದು ಸೀಸೆಯಲ್ಲಿ ಬಣ್ಣ ಕಳೆದುಕೊಂಡ ತುಣುಕು. ಈ ಸಲ ಹಲಗೆಯನ್ನು ಕಡಲನೀರಿನ ತೊಟ್ಟಿಯಲ್ಲಿಟ್ಟು ದಿನಗಟ್ಟಲೆ ಕಾದು ಕೂತೆ.

ನಕ್ಷತ್ರದ ಒಂದೊಂದು ಎಸಳೂ ಒಂದು ಪ್ರಾಣಿ, ಅಕ್ಕಿಕಾಳಿಗಿಂತ ಚಿಕ್ಕದು. ಪ್ರತಿಯೊಂದಕ್ಕೂ ತನ್ನದೇ ಬಾಯಿ. ಕುಡಿದ ನೀರು ಹೊರಹೋಗಲು ನಡುವೆ ಎಲ್ಲರಿಗೂ ಸೇರಿ ಒಂದೇ ಬಾಗಿಲು. ಹಾಸಿನ ಉದ್ದಗಲಕ್ಕೂ ಒಂದೇ ರಕ್ತ. ಹೃದಯ ಒಂದು ದಿಕ್ಕಿಗೆ ಮಿಡಿದು ತಟ್ಟನೆ ನಿಲ್ಲುತ್ತದೆ. ಕಥೆ ಮುಗಿಯಿತು ಎನ್ನುವಷ್ಟರಲ್ಲಿ ಎದುರು ದಿಕ್ಕಿಗೆ ಮಿಡಿಯತೊಡಗುತ್ತದೆ. ಇಷ್ಟು ವರ್ಷ ಇದನ್ನೇ ಪಾಠ ಹೇಳಿದವಳು ನಾನು. ಆದರೂ ಅದು ನಿಂತಾಗ ನನ್ನ ಉಸಿರೂ ನಿಂತಿತು.

ಆರನೆಯ ದಿನ ಎಸಳುಗಳೆಲ್ಲ ಒಟ್ಟಿಗೇ ಬಾಡಿದವು. ಹೀಗಾಗುತ್ತದೆಂದು ಗೊತ್ತಿದ್ದರೂ ತೊಟ್ಟಿಯ ನೀರನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ, ಪಕ್ಕದಲ್ಲೇ ಬೆಳೆಯುತ್ತಿದ್ದ ಮೊಗ್ಗುಗಳು ಬಾಯಿ ತೆರೆದು ನೀರು ಕುಡಿಯುತ್ತಿವೆ! ಹಳಬರು ಕರಗಿ ಹೊಸಬರ ಮೈಗೆ ಸೇರಿದ್ದಾರೆ. ವಾರಕ್ಕೊಮ್ಮೆ ಮನೆಮಂದಿಯೆಲ್ಲ ಹೋಗಿಬಿಡುತ್ತಾರೆ, ಮನೆ ಬದುಕಿರುತ್ತದೆ. ಕುರ್ಚಿಯಿಂದ ಏಳಲಾಗದೆ ಕೂತುಬಿಟ್ಟೆ, ಗುಬ್ಬಿ. ಕೈ ಮುಗಿಯಬೇಕೆನಿಸಿತು.

ಆಮೇಲೆ ಕಿವಿರಿನ ಸೀಳುಗಳ ಸಾಲು ಎಣಿಸಿದೆ. ಒಂಬತ್ತು. ಐವತ್ತು ಜೀವಿಗಳನ್ನು ನೋಡಿದೆ, ಎಲ್ಲದರಲ್ಲೂ ಒಂಬತ್ತೇ. ಗೊತ್ತಿರುವ ಜಾತಿಗಿಂತ ಮರಿ ಬೆಳೆಯುವ ಚೀಲವಿರುವ ಜಾಗವೂ ಬೇರೆ, ಡಿಎನ್‌ಎಯೂ ಬೇರೆ. ಲೋಕದ ಯಾವ ಪಟ್ಟಿಯಲ್ಲೂ ಇಲ್ಲದ ಜೀವಿ ಇದು.

ಅಂದು ಚಿತ್ರದಲ್ಲಿ ನೀನು ಒಂಬತ್ತು ಸಾಲು ಬರೆದಿದ್ದೆ. ಎಂಟಕ್ಕೆ ತಿದ್ದು ಎಂದವಳು ನಾನು. ಬಂದರಿನಲ್ಲಿರುವ ಇಂಥ ಜೀವಿಗಳದು ಒಂದೇ ಜಾತಿ, ಅದಕ್ಕೆ ಎಂಟೇ ಸಾಲು ಎನ್ನುವ ನನ್ನ ಪಟ್ಟಿ ಆಗಷ್ಟೇ ಅಚ್ಚಾಗಿತ್ತು. "ನಾನು ಕಂಡಿದ್ದನ್ನ ಬರೀತೀನಿ ಅಕ್ಕಾ, ನಿನಗೆ ಬೇಕಾಗಿದ್ದನ್ನಲ್ಲ" ಎಂದು ನೀನು ಕುಂಚ ತೊಳೆದಿಟ್ಟು, ಮೇಜು ಒರೆಸಿ ಹೊರಟುಹೋದೆ. ಹೊಲಿಗೆ ಅಂಗಡಿ ಇಟ್ಟಿದ್ದೀಯೆಂದೂ ಮತ್ತೆ ಕುಂಚ ಹಿಡಿದಿಲ್ಲವೆಂದೂ ಅಮ್ಮ ಹೇಳಿದಾಗ ಮಾತು ಬದಲಿಸಿದ್ದೆ. ಎಲ್ಲ ನನ್ನ ಅವಸರದಿಂದಾದದ್ದು. ತಪ್ಪಾಯಿತು.

ಈ ಜೀವಿಯ ವಿವರಣೆ ಬರೆದು ಮುಗಿಸಿದ್ದೇನೆ. ಮೊದಲ ಚಿತ್ರ ನಿನ್ನದೇ. ಬರೆದವರ ಜಾಗದಲ್ಲಿ ಮೊದಲು ನಿನ್ನ ಹೆಸರು, ಆಮೇಲೆ ನನ್ನದು. ನಿನ್ನ ಸಹಿಯಿಲ್ಲದೆ ಕಳಿಸುವುದಿಲ್ಲ. ಜೀವಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಉಗುಳುಮಾರಿ ಒಂದನ್ನು ಬಿಟ್ಟು ಏನು ಬೇಕಾದರೂ ಇಡು.

ಸಾಧ್ಯವಾದರೆ ಬಾ. ಮರಿಗಳು ಹೊರಬರುತ್ತಿವೆ. ಬಾಲವಿರುವ ಮರಿಗಳು, ಬಾಲದೊಳಗೆ ನಮ್ಮ ಬೆನ್ನೆಲುಬಿನ ಮೊದಲ ಗುರುತಿನಂಥ ಒಂದು ಎಳೆ. ದೂರದ ನೆಂಟರು ಕಣೇ. ಕೆಲವೇ ಗಂಟೆ ಈಜುತ್ತವೆ.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಒಡೆದು ಇದನ್ನು ಬರೆಯುತ್ತಿದ್ದೇನೆ. 'ಅವಸರ' ಎಂದದ್ದು ಸುಳ್ಳು. ನೀನು ಮೆಟ್ಟಿಲಿಳಿದು ಹೋದ ಮೇಲೆ ಅಂದೇ ಆ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿದೆ. ಒಂಬತ್ತಿತ್ತು. ಸೀಸೆಗೆ ಹಳೆಯ ಜಾತಿಯ ಹೆಸರನ್ನೇ ಅಂಟಿಸಿ, ನಿನ್ನ ಚಿತ್ರವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ವಿವರಣೆಯಲ್ಲೂ ಇದನ್ನು ಬರೆದು ಸೇರಿಸುತ್ತೇನೆ. ಸಹಿ ಹಾಕುವ ಮೊದಲು ನಿನಗಿದು ಗೊತ್ತಿರಲಿ.